ಬದುಕುಳಿದ ಬೆರಳು, ಬಾಗದ ಬೆರಳು: ಮೈಕ್ರೋಸರ್ಜರಿ ಸಂಶೋಧನೆಯ ಬಗ್ಗೆ ಓದುಗರ ಪ್ರಶ್ನೆಗಳು

ದೇಹದ ಒಂದು ಕಡೆಯ ಚರ್ಮ, ಸ್ನಾಯು ಅಥವಾ ಮೂಳೆಯನ್ನು ಅದರ ರಕ್ತನಾಳಗಳ ಸಮೇತ ಬಿಡಿಸಿ ತೆಗೆದು, ಗಾಯವಾದ ಇನ್ನೊಂದು ಕಡೆಗೆ ಒಯ್ದು, ಅಲ್ಲಿನ ನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಹಾಗೆ ಒಯ್ದ ಅಂಗಾಂಶವನ್ನು ನಾವು ಫ್ಲಾಪ್ ಎನ್ನುತ್ತೇವೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಲಿಗೆಯ ಕೌಶಲವನ್ನು ಬಿಟ್ಟು ಬೇರೆಯೇ ವಿಷಯ ಕೇಳಿವೆ: ಇದರಿಂದ ಒಳ್ಳೆಯದಾಗುತ್ತದೆ ಎಂದು ವೈದ್ಯರಿಗೆ ಹೇಗೆ ಗೊತ್ತಾಗುತ್ತದೆ? ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಸಂಶೋಧನೆಯ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಪಘಾತದಲ್ಲಿ ನನ್ನ ಮಗನ ಮೊಣಕಾಲಿನ ಕೆಳಗೆ ಮೂಳೆ ಹೊರಗೆ ಕಾಣುವಷ್ಟು ಗಾಯವಾಗಿದೆ. ತೊಡೆಯ ಚರ್ಮವನ್ನು ತೆಗೆದು ಅಲ್ಲಿಗೆ ಜೋಡಿಸುತ್ತೇವೆ ಎಂದಿದ್ದಾರೆ. ಜೊತೆಗೆ ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿ ಆರು ಪುಟಗಳ ಸಮ್ಮತಿ ಪತ್ರ ಕೊಟ್ಟಿದ್ದಾರೆ. ಶಸ್ತ್ರಚಿಕಿತ್ಸೆಯಾದ ಮೇಲೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡುವ ಅಭ್ಯಾಸವನ್ನು ಕೆಲವರಿಗೆ ಮೂರನೆಯ ದಿನ, ಕೆಲವರಿಗೆ ಏಳನೆಯ ದಿನ ಶುರುಮಾಡುತ್ತಾರಂತೆ. ಯಾರಿಗೆ ಯಾವ ದಿನ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದಂತೆ. ಡಾಕ್ಟರಿಗೇ ಗೊತ್ತಿಲ್ಲವೆಂದರೆ ಹೇಗೆ? ನನ್ನ ಮಗನನ್ನು ಪ್ರಯೋಗಕ್ಕೆ ಒಡ್ಡಿದಂತಾಗುವುದಿಲ್ಲವೇ?

ಉತ್ತರ: ಡಾಕ್ಟರಿಗೇ ಗೊತ್ತಿಲ್ಲ ಎಂದು ಬರೆದಿದ್ದೀರಲ್ಲ ತಾಯಿ, ಅಲ್ಲಿಂದಲೇ ಶುರುಮಾಡುತ್ತೇನೆ. ಹೊಸ ಜಾಗಕ್ಕೆ ಬಂದ ಫ್ಲಾಪ್‌ಗೆ ಮೊದಲ ಕೆಲವು ದಿನ ಸುತ್ತಲಿನ ಚರ್ಮದಿಂದ ಯಾವ ನೆರವೂ ಇರುವುದಿಲ್ಲ. ರಕ್ತ ಒಳಗೆ ಬರುವುದು ಹೊಲಿದ ಒಂದು ಅಪಧಮನಿಯಿಂದ, ಹೊರಗೆ ಹೋಗುವುದು ಹೊಲಿದ ಒಂದೋ ಎರಡೋ ಅಭಿಧಮನಿಗಳಿಂದ. ಕಾಲನ್ನು ಇಳಿಬಿಟ್ಟಾಗ ರಕ್ತ ಮೇಲಕ್ಕೆ ಹತ್ತಬೇಕು. ಅದು ನಿಧಾನವಾದರೆ ಫ್ಲಾಪ್ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಹೆಚ್ಚು ಹೊತ್ತು ನಿಂತರೆ ಹೆಪ್ಪುಗಟ್ಟಲೂಬಹುದು. ಹಾಗೆಂದು ರೋಗಿಯನ್ನು ವಾರಗಟ್ಟಲೆ ಮಲಗಿಸಿಯೇ ಇಟ್ಟರೆ ಮೀನಖಂಡದ ಒಳನಾಳಗಳಲ್ಲಿ ಹೆಪ್ಪುಗಟ್ಟುವ ಭಯ ಬೇರೆ, ಸ್ನಾಯುಗಳೂ ಸೊರಗುತ್ತವೆ. ಈ ಎರಡು ಭಯಗಳ ನಡುವೆ ಯಾವ ದಿನ ಸರಿ ಎಂಬುದನ್ನು ಒಂದೊಂದು ಆಸ್ಪತ್ರೆ ಒಂದೊಂದು ರೂಢಿಯಿಂದ ನಡೆಸಿಕೊಂಡು ಬಂದಿದೆ. ಅಧ್ಯಯನಕ್ಕೆ ಸೇರದಿದ್ದರೂ ನಿಮ್ಮ ಮಗನ ಕಾಲನ್ನು ಯಾವುದೋ ಒಂದು ದಿನ ಇಳಿಬಿಡಲೇಬೇಕು, ಮತ್ತು ಆ ದಿನವನ್ನು ನಿರ್ಧರಿಸುವುದು ಆ ವಾರ್ಡಿನ ರೂಢಿ. ಅಂದರೆ ಗೊತ್ತಿಲ್ಲದಿರುವಿಕೆ ಮೊದಲಿನಿಂದಲೂ ಇತ್ತು. ಈ ವೈದ್ಯರು ಅದನ್ನು ನಿಮ್ಮ ಮುಂದೆ ಒಪ್ಪಿಕೊಂಡಿದ್ದಾರೆ.

ಚೀಟಿ ಏಕೆ ಎಂದರೆ, ಆಯ್ಕೆಯನ್ನು ನಮ್ಮಂಥ ಶಸ್ತ್ರಚಿಕಿತ್ಸಕರ ಕೈಗೆ ಬಿಟ್ಟರೆ ನಾವು ಗಟ್ಟಿಮುಟ್ಟಾದ ಹುಡುಗನನ್ನು ಮೂರನೆಯ ದಿನಕ್ಕೂ, ಸಕ್ಕರೆ ಕಾಯಿಲೆಯಿರುವ ಹಿರಿಯರನ್ನು ಏಳನೆಯ ದಿನಕ್ಕೂ ಹಾಕಿಬಿಡುತ್ತೇವೆ. ಕೊನೆಯಲ್ಲಿ ಮೂರನೆಯ ದಿನದ ಗುಂಪು ಗೆದ್ದರೆ, ಗೆದ್ದದ್ದು ಆ ದಿನವೋ ಆ ಹುಡುಗರ ಆರೋಗ್ಯವೋ ಎಂದು ಯಾರೂ ಹೇಳಲಾರರು. ಇನ್ನು, ಯಾವ ಗುಂಪು ಎಂಬುದನ್ನು ನಿಮ್ಮ ಮಗನಿಂದಾಗಲಿ ನರ್ಸ್‌ಗಳಿಂದಾಗಲಿ ಇಲ್ಲಿ ಮುಚ್ಚಿಡಲು ಬರುವುದಿಲ್ಲ. ಮಾತ್ರೆಯಾದರೆ ಹುಸಿ ಮಾತ್ರೆ ಕೊಡಬಹುದು, ಇಳಿಬಿಟ್ಟ ಕಾಲನ್ನು ಹೇಗೆ ಮರೆಮಾಡುವುದು? ಆದರೆ ಫ್ಲಾಪ್‌ನ ಚಿತ್ರಗಳನ್ನು ನೋಡಿ ಅಂಕ ಕೊಡುವವರಿಗೆ ಗುಂಪು ತಿಳಿಯದಂತೆ ನೋಡಿಕೊಳ್ಳಬಹುದು. ಅದನ್ನು ಮಾಡಿದ್ದಾರೆಯೇ ಎಂದು ಕೇಳಿ. ಕೇಳಿದ್ದಕ್ಕೆ ಬೇಸರಪಡುವ ಸಂಶೋಧಕರಾದರೆ ಸಹಿ ಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ.

ಆರು ಪುಟಗಳಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು, ಮಧ್ಯದಲ್ಲಿ ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಬಂದರೂ ಚಿಕಿತ್ಸೆಯಲ್ಲಿ ಕಡಿಮೆಯಾಗುವುದಿಲ್ಲ ಎಂಬ ಸಾಲನ್ನು. 1964ರಲ್ಲಿ ವಿಶ್ವ ವೈದ್ಯಕೀಯ ಸಂಘ ಒಪ್ಪಿಕೊಂಡು, ಮುಂದೆ ಹಲವು ಸಲ ತಿದ್ದಿದ ಹೆಲ್ಸಿಂಕಿ ಘೋಷಣೆಯ ತಿರುಳಿನಲ್ಲಿ ಆ ಸಾಲೂ ಸೇರಿದೆ. ಅಧ್ಯಯನದೊಂದಿಗೆ ಸಂಬಂಧವಿಲ್ಲದವರೂ ಇರುವ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯೇ, ಮೊದಲ ರೋಗಿ ಸೇರುವ ಮುನ್ನವೇ ಸಾರ್ವಜನಿಕ ನೋಂದಣಿಯಲ್ಲಿ ದಾಖಲಾಗಿದೆಯೇ, ಒಂದು ಗುಂಪಿನಲ್ಲಿ ತೊಂದರೆ ಹೆಚ್ಚಾಗುವುದು ಕಂಡರೆ ನಿಲ್ಲಿಸುವ ಅಧಿಕಾರ ಯಾರಿಗಿದೆ, ಹಾನಿಯಾದರೆ ಅದರ ಹೊಣೆ ಯಾರದು, ಇವೆಲ್ಲ ಅಲ್ಲಿ ಇರಬೇಕು. ನಿಮ್ಮ ಮಗ ವಯಸ್ಕನಾಗಿದ್ದು ಪ್ರಜ್ಞೆಯಲ್ಲಿದ್ದರೆ ಸಹಿ ಅವನದೇ. ನೀವು ಜೊತೆಗೆ ಕುಳಿತು ಓದಬಹುದು, ಅವನ ಬದಲಿಗೆ ಒಪ್ಪಲಾಗದು.

ಅಧ್ಯಯನ ಇರಲಿ ಬಿಡಲಿ, ಮೊದಲ ಸಲ ಕಾಲು ಇಳಿಬಿಟ್ಟಾಗ ಪಕ್ಕದಲ್ಲಿರಿ. ಕೆಲವೇ ನಿಮಿಷ ಬಿಡುತ್ತಾರೆ. ನರ್ಸ್ ಬೆರಳ ತುದಿಯಿಂದ ಫ್ಲಾಪನ್ನು ಮೆಲ್ಲಗೆ ಒತ್ತಿ ತೆಗೆದು, ಬಿಳಿಚಿಕೊಂಡ ಜಾಗಕ್ಕೆ ಬಣ್ಣ ಮರಳಲು ಎಷ್ಟು ಸೆಕೆಂಡು ಬೇಕೆಂದು ಎಣಿಸುತ್ತಾರೆ. ಎರಡು ಮೂರು ಸೆಕೆಂಡಿನಲ್ಲಿ ಮರಳಿದರೆ ಸಮಾಧಾನ. ಬಣ್ಣ ಕಡುನೇರಳೆಯಾಗಿದ್ದು ಒತ್ತಿದ ಕ್ಷಣದಲ್ಲೇ ತುಂಬಿಕೊಂಡರೆ ಹೊರಹೋಗುವ ದಾರಿ ಕಟ್ಟುತ್ತಿದೆ ಎಂದು ಶಂಕಿಸಬೇಕು. ಬಿಳಿಚಿ, ತಣ್ಣಗಾಗಿ, ತುಂಬಿಕೊಳ್ಳದೇ ಇದ್ದರೆ ಒಳಬರುವ ದಾರಿಯನ್ನು ಶಂಕಿಸಬೇಕು. ಎರಡರಲ್ಲಿ ಯಾವುದು ಕಂಡರೂ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಕೂಡಲೇ ತಿಳಿಸಿ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಹೊಸ ವಿಧಾನವೊಂದರಿಂದ 20 ಫ್ಲಾಪ್ ಮಾಡಿದ್ದೇವೆ, ಒಂದೂ ವಿಫಲವಾಗಿಲ್ಲ, ಶೇ. 100ರಷ್ಟು ಯಶಸ್ಸು ಎಂದು ಶಸ್ತ್ರಚಿಕಿತ್ಸಕರೊಬ್ಬರು ಉಪನ್ಯಾಸದಲ್ಲಿ ಹೇಳಿದರು. ಇದನ್ನು ಹಾಗೆಯೇ ನಂಬಬಹುದೇ?

ಉತ್ತರ: ಅವರು ಸುಳ್ಳು ಹೇಳಿರಲಾರರು, ಆದರೆ ಆ ಸಂಖ್ಯೆಗೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂಬ ಸರಳ ಲೆಕ್ಕವಿದೆ. ಇಷ್ಟು ಪ್ರಕರಣಗಳಲ್ಲಿ ಒಂದೂ ವಿಫಲವಾಗಲಿಲ್ಲ ಎಂದಾದಾಗ, ಮೂರನ್ನು ಆ ಪ್ರಕರಣಗಳ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರ, ನಿಜವಾದ ವೈಫಲ್ಯ ಹೆಚ್ಚೆಂದರೆ ಎಷ್ಟಿರಬಹುದು ಎಂಬುದರ ಅಂದಾಜು. 3ನ್ನು 20ರಿಂದ ಭಾಗಿಸಿದರೆ ಶೇ. 15. ಅಂದರೆ ಆ ವಿಧಾನದ ನಿಜವಾದ ವೈಫಲ್ಯ ಶೇ. 15ರ ಹತ್ತಿರ ಇದ್ದರೂ, 20 ಫ್ಲಾಪ್‌ಗಳಲ್ಲಿ ಅದು ಒಮ್ಮೆಯೂ ಕಾಣಿಸದೇ ಹೋಗಬಹುದು. ವೈಫಲ್ಯ ಶೇ. 1ಕ್ಕಿಂತ ಕಡಿಮೆ ಎಂದು ಅದೇ ಲೆಕ್ಕದಿಂದ ಹೇಳಬೇಕಾದರೆ ಸತತವಾಗಿ 300 ಫ್ಲಾಪ್‌ಗಳು ಬದುಕಬೇಕು. ನುರಿತ ಕೇಂದ್ರಗಳಲ್ಲಿ ವೈಫಲ್ಯ ಸಾಮಾನ್ಯವಾಗಿ ಶೇ. 5ರ ಒಳಗೇ ಇರುವುದರಿಂದ, ಹೊಸದು ಹಳೆಯದಕ್ಕಿಂತ ಮೇಲು ಎಂದು ತೋರಿಸುವುದು ಈ ಕ್ಷೇತ್ರದಲ್ಲಿ ತುಂಬಾ ಕಷ್ಟ. ಶೇ. 5ರ ವೈಫಲ್ಯವನ್ನು ಅರ್ಧಕ್ಕೆ ಇಳಿಸಿದ್ದೇವೆ ಎಂದು ಸಾಬೀತುಪಡಿಸಲು, ರೂಢಿಯ ಲೆಕ್ಕಾಚಾರದಂತೆ, ಪ್ರತಿ ಗುಂಪಿನಲ್ಲೂ ಸುಮಾರು 900 ರೋಗಿಗಳು ಬೇಕು. ಒಂದೇ ಆಸ್ಪತ್ರೆಯಲ್ಲಿ ಅಷ್ಟು ಜನ ಸೇರುವ ಹೊತ್ತಿಗೆ ಶಸ್ತ್ರಚಿಕಿತ್ಸಕರು, ಸೂಜಿ, ಅರಿವಳಿಕೆ ಎಲ್ಲವೂ ಬದಲಾಗಿರುತ್ತವೆ.

ಹಾಗಾಗಿಯೇ ಹಲವು ಕೇಂದ್ರಗಳು ಕೈಜೋಡಿಸಬೇಕು. ರೋಜರ್ ಖೌರಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥದ್ದು. ಹಳೆಯ ಕಡತ ಕೆದಕದೆ, ಮುಂದೆ ಬರುವ ರೋಗಿಗಳನ್ನೇ ಒಬ್ಬೊಬ್ಬರಾಗಿ ದಾಖಲಿಸುತ್ತಾ 493 ಫ್ಲಾಪ್‌ಗಳನ್ನು ಗಮನಿಸಿದರು. ಶೇ. 4.1ರಷ್ಟು ವಿಫಲವಾದವು, ಶೇ. 9.9ರಷ್ಟು ಫ್ಲಾಪ್‌ಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ಹೆಪ್ಪುಗಟ್ಟಿ ರೋಗಿಯನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾಯಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ನರ್ಸ್ ಆಗಲಿರುವ ನೀವು ನೆನಪಿಡಬೇಕು. ಹೆಪ್ಪುಗಟ್ಟಿದ ಫ್ಲಾಪ್‌ಗಳಲ್ಲಿ ಹೆಚ್ಚಿನವು ಉಳಿದುಕೊಂಡವು, ಏಕೆಂದರೆ ಬಣ್ಣ ಬದಲಾದದ್ದನ್ನು ಯಾರೋ ಸಕಾಲದಲ್ಲಿ ಕಂಡು ಕರೆದರು.

ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸಂದೇಹ ತೀರುವುದಿಲ್ಲ ಎನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಸ್ಲೊವೇನಿಯಾದ ಲ್ಯುಬ್ಲ್ಯಾನಾದ ಶಸ್ತ್ರಚಿಕಿತ್ಸಕ ಮಾರ್ಕೊ ಗೊಡಿನಾ ಅವರ 532 ರೋಗಿಗಳ ವರದಿ 1986ರಲ್ಲಿ ಪ್ರಕಟವಾಯಿತು. ಗಾಯವಾದ 72 ಗಂಟೆಗಳೊಳಗೆ ಫ್ಲಾಪ್ ಮಾಡಿದವರಲ್ಲಿ ವೈಫಲ್ಯ ಶೇ. 0.75, 72 ಗಂಟೆಯಿಂದ ಮೂರು ತಿಂಗಳ ನಡುವೆ ಮಾಡಿದವರಲ್ಲಿ ಶೇ. 12; ಅದಕ್ಕೂ ತಡವಾದವರಲ್ಲಿ ಶೇ. 9.5. ಈ ಮೂರು ಸಂಖ್ಯೆಗಳು ಜಗತ್ತಿನಾದ್ಯಂತ ಕಾಲಿನ ಗಾಯದ ಚಿಕಿತ್ಸೆಯನ್ನೇ ಬದಲಿಸಿದವು. ಗೊಡಿನಾ ಅದೇ ವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ತಮ್ಮ ವರದಿಯ ಮೇಲೆ ನಡೆದ ಚರ್ಚೆಗೆ ಉತ್ತರಿಸಲು ಅವರಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಚರ್ಚೆ ಏನೆಂದರೆ, ಆ ಗುಂಪುಗಳು ಚೀಟಿ ಎತ್ತಿ ಆದವಲ್ಲ. ವರ್ಷಗಳು ಕಳೆದಂತೆ ಕೈ ಪಳಗುತ್ತಾ ಹೋಗುತ್ತದೆ. ಪಳಗದ ಕಾಲದ ಸೋಲುಗಳು ಯಾವ ಗುಂಪಿಗೆ ಹೆಚ್ಚು ಸೇರುತ್ತವೋ ಆ ಗುಂಪು ಕೆಟ್ಟದಾಗಿ ಕಾಣುತ್ತದೆ. ಬೇಗ ಮುಚ್ಚಿದರೆ ಒಳಿತು ಎಂಬುದನ್ನು ನಾನು ಒಪ್ಪುತ್ತೇನೆ, ಹಾಗೆಯೇ ಮಾಡುತ್ತೇನೆ. 72 ಎಂಬ ಅಂಕೆಯನ್ನು ಗೆರೆ ಎಳೆದಂತೆ ಹಿಡಿಯಲು ಮಾತ್ರ ಆ ವರದಿ ಸಾಲದು.

ಚೀಟಿ ಎತ್ತಿ ಪರೀಕ್ಷಿಸಿದಾಗ ಹಳೆಯ ರೂಢಿ ಬಿದ್ದುಹೋದದ್ದೂ ಉಂಟು. ಹೆಪ್ಪುಗಟ್ಟದಿರಲೆಂದು ಡೆಕ್ಸ್‌ಟ್ರಾನ್ ಎಂಬ ದ್ರಾವಣವನ್ನು ಫ್ಲಾಪ್ ರೋಗಿಗಳಿಗೆ ವರ್ಷಾನುಗಟ್ಟಲೆ ಕೊಡುತ್ತಿದ್ದರು. ತಲೆ ಮತ್ತು ಕುತ್ತಿಗೆಯ ಫ್ಲಾಪ್ ಮಾಡಿಸಿಕೊಂಡ 100 ರೋಗಿಗಳಲ್ಲಿ ಅದನ್ನು ಆಸ್ಪಿರಿನ್ ಜೊತೆ ಹೋಲಿಸಿದ ಅಧ್ಯಯನ 2003ರಲ್ಲಿ ಬಂತು. ಡೆಕ್ಸ್‌ಟ್ರಾನ್‌ನಿಂದ ಫ್ಲಾಪ್‌ಗೆ ಹೆಚ್ಚಿನ ಲಾಭ ಕಾಣಲಿಲ್ಲ. ದೇಹದ ಇತರ ತೊಂದರೆಗಳು ಮಾತ್ರ ಆಸ್ಪಿರಿನ್ ಗುಂಪಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದವು. ಮುಂದಿನ ಉಪನ್ಯಾಸದಲ್ಲಿ ನೀವು ಕೈಯೆತ್ತಿ ಒಂದೇ ಒಂದು ಪ್ರಶ್ನೆ ಕೇಳಿ: ಈ 20 ಮಂದಿ ಸಾಲಾಗಿ ಬಂದವರೋ, ಆರಿಸಿಕೊಂಡವರೋ?

ಪ್ರಶ್ನೆ: ಜೋಡಿಸಿದ ಬೆರಳಿಗೆ ಜಿಗಣೆ ಬಿಡುತ್ತಾರೆ ಎಂದು ಕೇಳಿದೆ. ಇದು ನಿಜವೇ, ಇದಕ್ಕೆ ಸಂಶೋಧನೆಯ ಆಧಾರವಿದೆಯೇ?

ಉತ್ತರ: ನಿಜ. ರಕ್ತ ಒಳಗೆ ಬಂದು ಹೊರಹೋಗಲು ದಾರಿಯಿಲ್ಲದೆ ಬೆರಳು ಕಪ್ಪಿಡುತ್ತಿರುವಾಗ, ಮತ್ತೆ ಹೊಲಿಯಲು ಅಭಿಧಮನಿ ಸಿಗದಿದ್ದರೆ, ಔಷಧಿಗೆಂದೇ ಸಾಕಿದ ಜಿಗಣೆಗಳನ್ನು ಬಿಡುತ್ತೇವೆ. ಅದು ಹೀರುವ ರಕ್ತಕ್ಕಿಂತ, ಬಿಟ್ಟುಹೋದ ಮೇಲೆ ಕಚ್ಚಿದ ಜಾಗದಿಂದ ಗಂಟೆಗಟ್ಟಲೆ ಜಿನುಗುವ ರಕ್ತವೇ ಬೆರಳನ್ನು ಉಳಿಸುವುದು. ಅದರ ಜೊಲ್ಲಿನ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಜಿಗಣೆಯನ್ನು ವೈದ್ಯಕೀಯ ಸಾಧನವಾಗಿ ಮಾರಲು ಅನುಮತಿ ಕೊಟ್ಟಿತು. ಜಿಗಣೆಯ ಕರುಳಿನಲ್ಲಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುವುದರಿಂದ ಜೊತೆಗೆ ಆ್ಯಂಟಿಬಯೋಟಿಕ್ ಕೊಡಲೇಬೇಕು, ರಕ್ತದ ಪ್ರಮಾಣವನ್ನೂ ನೋಡುತ್ತಿರಬೇಕು. ಆಧಾರ ಬಹುಪಾಲು ಪ್ರಕರಣಗಳ ವರದಿಗಳದು. ಕಣ್ಣೆದುರೇ ಕಪ್ಪಾಗುತ್ತಿರುವ ಬೆರಳಿಗೆ ಜಿಗಣೆ ಬಿಡದೆ ಸುಮ್ಮನೆ ನೋಡುವ ಗುಂಪೊಂದನ್ನು ಮಾಡಲು ಯಾವ ವೈದ್ಯರಿಗೂ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಬಲಗೈ ತೋರುಬೆರಳು ಯಂತ್ರಕ್ಕೆ ಸಿಕ್ಕಿ ಬುಡದ ಹತ್ತಿರ ತುಂಡಾಯಿತು. ಜೋಡಿಸಿದರು. ಬೆರಳು ಇದೆ, ಆದರೆ ಬಾಗುವುದಿಲ್ಲ. ಚಳಿಯಲ್ಲಿ ಸಹಿಸಲಾರದ ನೋವು. ಅಂಗಿಯ ಗುಂಡಿ ಹಾಕುವಾಗ ನನಗೆ ತಿಳಿಯದೆ ಮಧ್ಯದ ಬೆರಳೇ ಮುಂದೆ ಬರುತ್ತದೆ. ಆಸ್ಪತ್ರೆಯ ಕಾಗದದಲ್ಲಿ ಮಾತ್ರ ಮರುಜೋಡಣೆ ಯಶಸ್ವಿ ಎಂದಿದೆ. ಯಾರಿಗೆ ಯಶಸ್ವಿ ಎಂದು ಕೇಳಬಹುದೇ?

ಉತ್ತರ: ಕೇಳಬಹುದು, ಕೇಳಬೇಕು. ನಿಮ್ಮ ಪತ್ರವನ್ನು ನಾನು ಹಲವು ಸಲ ಓದಿದ್ದೇನೆ, ಏಕೆಂದರೆ ಕಾಗದದಲ್ಲಿ ಹಾಗೆ ಯಶಸ್ವಿ ಎಂದು ಬರೆದ ವೈದ್ಯರಲ್ಲಿ ನಾನೂ ಒಬ್ಬ. ಕೆಲಸ ಶುರುಮಾಡಿದ ಮೊದಲ ವರ್ಷಗಳಲ್ಲಿ ನಾನು ಇಟ್ಟುಕೊಂಡಿದ್ದ ದಾಖಲೆ ಪುಸ್ತಕದಲ್ಲಿ ಫಲಿತಾಂಶಕ್ಕೆ ಇದ್ದದ್ದು ಎರಡೇ ಖಾನೆ: ಬದುಕಿತು, ಬದುಕಲಿಲ್ಲ. ಕಾಲಾನಂತರ ಆ ಪುಸ್ತಕದಲ್ಲಿದ್ದವರನ್ನು ಮತ್ತೆ ಕರೆದು ನೋಡಿದಾಗ, ಬದುಕಿತು ಎಂಬ ಖಾನೆಯಲ್ಲಿದ್ದ ಕೆಲವರು ಆ ಬೆರಳನ್ನು ಬದಿಗೆ ಚಾಚಿಕೊಂಡೇ ಎಲ್ಲ ಕೆಲಸ ಮಾಡುತ್ತಿದ್ದರು. ನನ್ನ ಪುಸ್ತಕಕ್ಕೆ ಅದನ್ನು ಬರೆದುಕೊಳ್ಳಲು ಜಾಗವೇ ಇರಲಿಲ್ಲ.

ಈ ಎರಡು ಖಾನೆಗಳಿಗೂ ಒಂದು ಚರಿತ್ರೆಯಿದೆ. 1960ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಜಾಕೊಬ್‌ಸನ್ ಮತ್ತು ಸುವಾರೆಜ್ ಸೂಕ್ಷ್ಮದರ್ಶಕದ ಕೆಳಗೆ ಎರಡು ಮಿಲಿಮೀಟರಿಗಿಂತ ಕಿರಿದಾದ ನಾಳಗಳನ್ನು ಹೊಲಿಯಬಹುದೆಂದು ತೋರಿಸಿದರು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯ್ ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಮರಳಿ ಜೋಡಿಸಿದರು. ಆ ದಿನಗಳಲ್ಲಿ ಬೆರಳು ಬದುಕೀತೇ ಎಂಬುದೇ ದೊಡ್ಡ ಪ್ರಶ್ನೆ. ಉಳಿದದ್ದೆಲ್ಲ ಅದರ ನಂತರದ್ದು. ಇಂದು ಕೂದಲಿಗಿಂತ ತೆಳುವಾದ ದಾರದಿಂದ ಒಂದು ಮಿಲಿಮೀಟರಿಗಿಂತ ಸಣ್ಣ ನಾಳಗಳನ್ನು ಹೊಲಿಯುವುದು ದಿನನಿತ್ಯದ ಕೆಲಸವಾಗಿದೆ. ಪ್ರಶ್ನೆ ಬದಲಾಗಿದ್ದರೂ ಖಾನೆಗಳು ಬದಲಾಗಲಿಲ್ಲ, ಅದು ನಮ್ಮ ತಪ್ಪು.

ನಿಮ್ಮ ಬೆರಳು ತುಂಡಾದ ಜಾಗದಲ್ಲಿ ಬೆರಳನ್ನು ಬಾಗಿಸುವ ಎರಡು ಸ್ನಾಯುರಜ್ಜುಗಳು ಇಕ್ಕಟ್ಟಾದ ಸುರಂಗದಲ್ಲಿ ಒಟ್ಟಿಗೆ ಓಡುತ್ತವೆ. ಮೂಳೆ, ರಜ್ಜು, ನರ, ನಾಳ ಎಲ್ಲವೂ ಒಂದೇ ಮಟ್ಟದಲ್ಲಿ ಮಾಯುವಾಗ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆಬ್ಬೆರಳಾದರೆ ಬಾಗದಿದ್ದರೂ ಉಪಯೋಗಕ್ಕೆ ಬರುತ್ತದೆ, ಉಳಿದ ಬೆರಳುಗಳು ಅದರ ಮೇಲೆ ಬಂದು ಒತ್ತುತ್ತವೆ. ಒಂಟಿ ತೋರುಬೆರಳಿನ ವಿಷಯ ಹಾಗಲ್ಲ. ಅದು ಸೆಟೆದು ನಿಂತರೆ ಮೆದುಳು ಅದನ್ನು ಬಿಟ್ಟು ಮಧ್ಯದ ಬೆರಳಿಗೆ ಕೆಲಸ ಒಪ್ಪಿಸುತ್ತದೆ. ನಿಮ್ಮ ಅಂಗಿಯ ಗುಂಡಿಯ ಬಳಿ ಆಗುತ್ತಿರುವುದು ಅದೇ. ಇದನ್ನು ಜೋಡಿಸುವ ಮುನ್ನವೇ ನಿಮಗೆ ಬಿಡಿಸಿ ಹೇಳಬೇಕಿತ್ತು.

ಸಂಶೋಧನೆ ಈಗ ನಿಮ್ಮಂಥವರ ಮಾತನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತಿದೆ. 1996ರಲ್ಲಿ ರೂಪುಗೊಂಡ ಡ್ಯಾಶ್ ಎಂಬ 30 ಪ್ರಶ್ನೆಗಳ ಪಟ್ಟಿಯಲ್ಲಿ ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯಬಲ್ಲಿರಾ, ಬರೆಯಬಲ್ಲಿರಾ, ಬೀಗದಲ್ಲಿ ಕೀಲಿ ತಿರುಗಿಸಬಲ್ಲಿರಾ ಎಂಬಂಥ ಪ್ರಶ್ನೆಗಳಿವೆ. ಉತ್ತರ ಬರೆಯುವವರು ರೋಗಿಗಳೇ. ಇಂಥ ಅಳತೆ ಬಂದಾಗ ನಮ್ಮ ನಂಬಿಕೆಗಳೂ ಅಲುಗಾಡುತ್ತವೆ. ಅಮೆರಿಕದ ಎಂಟು ಕೇಂದ್ರಗಳಲ್ಲಿ ಕಾಲಿಗೆ ಭೀಕರ ಗಾಯವಾದ 569 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಾಲನ್ನು ಉಳಿಸಿಕೊಂಡವರಿಗೂ ಕತ್ತರಿಸಿಕೊಂಡವರಿಗೂ ದಿನನಿತ್ಯದ ಬದುಕಿನ ಅಂಕಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಉಳಿಸಿಕೊಂಡವರಲ್ಲಿ ಶೇ. 47.6ರಷ್ಟು ಮಂದಿ ತೊಂದರೆಗಳಿಂದಾಗಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು, ಕತ್ತರಿಸಿಕೊಂಡವರಲ್ಲಿ ಶೇ. 33.9. ಕೆಲಸಕ್ಕೆ ಮರಳಿದವರು ಎರಡೂ ಕಡೆ ಅರ್ಧದಷ್ಟು. ಕಾಲು ಉಳಿಸುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಅಂಗ ಉಳಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಾವು ಎಣಿಸಿದ್ದು ಸರಿಯಲ್ಲ.

ನಿಮ್ಮ ಮಟ್ಟಿಗೆ, ಬೆರಳನ್ನು ಕೈಯಿಂದ ಬಾಗಿಸಿದರೆ ಬಾಗುತ್ತದೆಯೇ, ನೀವಾಗಿ ಬಾಗಿಸಲು ಮಾತ್ರ ಆಗುತ್ತಿಲ್ಲವೇ ಎಂದು ಕೈ ಶಸ್ತ್ರಚಿಕಿತ್ಸಕರಲ್ಲಿ ಪರೀಕ್ಷಿಸಿಕೊಳ್ಳಿ. ಹಾಗಿದ್ದರೆ ಅಂಟಿಕೊಂಡ ರಜ್ಜುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯಿಂದ ಉಪಯೋಗವಾಗಬಹುದು. ಅದರ ಮರುದಿನದಿಂದಲೇ ಕಟ್ಟುನಿಟ್ಟಾಗಿ ವ್ಯಾಯಾಮ ಮಾಡಬೇಕಾಗುತ್ತದೆ. ಚಳಿಯ ನೋವು ಹಲವರಲ್ಲಿ ವರ್ಷಗಳ ನಂತರವೂ ಉಳಿಯುತ್ತದೆ, ಕೈಗವಸಿನ ಹೊರತು ಹೆಚ್ಚಿನ ಭರವಸೆಯನ್ನು ನಾನು ಕೊಡಲಾರೆ.

ಪ್ರಶ್ನೆ: ಈಗ ರೋಬೋಟ್ ಇಂಥ ಹೊಲಿಗೆ ಹಾಕುತ್ತದಂತೆ. ಮನುಷ್ಯರ ಕೈಗಿಂತ ಅದೇ ಮೇಲಲ್ಲವೇ?

ಉತ್ತರ: ಹೊಲಿಯುವವರು ಶಸ್ತ್ರಚಿಕಿತ್ಸಕರೇ; ಯಂತ್ರ ಅವರ ಕೈ ಚಲನೆಯನ್ನು ಕಿರಿದುಗೊಳಿಸಿ, ನಡುಕವನ್ನು ಸೋಸಿ ಸೂಜಿಗೆ ದಾಟಿಸುತ್ತದೆ. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ವೈದ್ಯರು, ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ತೋಳು ಊದಿಕೊಂಡಿದ್ದ 20 ಮಹಿಳೆಯರಲ್ಲಿ ಅಂಗಾಂಶದ ನೀರನ್ನು ಹೊರಸಾಗಿಸುವ ದುಗ್ಧನಾಳಗಳನ್ನು ಅಭಿಧಮನಿಗೆ ಸೇರಿಸುವ ಕೆಲಸವನ್ನು ಕೈಯಿಂದಲೂ ರೋಬೋಟ್‌ನಿಂದಲೂ ಮಾಡಿ ಹೋಲಿಸಿದ ಫಲಿತಾಂಶ 2020ರಲ್ಲಿ ಬಂತು. ರೋಬೋಟ್‌ನಿಂದ ಮಾಡಲು ಸಾಧ್ಯ, ಮಾಡುತ್ತಾ ಹೋದಂತೆ ಬೇಗವೂ ಆಗುತ್ತದೆ ಎಂದು ಅದು ತೋರಿಸಿತು. ರೋಗಿಗೆ ಹೆಚ್ಚು ಒಳಿತು ಎನ್ನಲು 20 ಮಂದಿ ಸಾಲರು. ಮೂರರ ನಿಯಮವನ್ನು ಮೇಲೆ ಓದಿದ್ದೀರಿ.

ಪ್ರಶ್ನೆ: ನಾನು ತರಬೇತಿಯಲ್ಲಿರುವ ಶಸ್ತ್ರಚಿಕಿತ್ಸಕ. ನಮ್ಮಲ್ಲಿ ವರ್ಷಕ್ಕೆ 30ರಷ್ಟು ಫ್ಲಾಪ್ ಮಾತ್ರ ಆಗುತ್ತವೆ ಸರ್. ಇಷ್ಟು ಕಡಿಮೆ ರೋಗಿಗಳಿರುವ ಕಡೆ ಸಂಶೋಧನೆ ಸಾಧ್ಯವೇ?

ಉತ್ತರ: ಸಾಧ್ಯ, ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡುವ ಆಸೆಯನ್ನು ಸದ್ಯಕ್ಕೆ ಬಿಟ್ಟರೆ. ಅಮೆರಿಕದ ಶಸ್ತ್ರಚಿಕಿತ್ಸಕ ಹ್ಯಾರಿ ಬಂಕೆ ಮೊಲದ ಕಿವಿಯನ್ನು ಮರುಜೋಡಿಸುವ, ಮಂಗದ ಕಾಲ್ಬೆರಳನ್ನು ಕೈಗೆ ಕಸಿಮಾಡುವ ಕೆಲಸಗಳನ್ನು 1960ರ ದಶಕದಲ್ಲಿ ಶುರುಮಾಡಿದ್ದು ತಮ್ಮ ಮನೆಯ ಗ್ಯಾರೇಜಿನಲ್ಲಿ. ಮೊದಮೊದಲು ಸಾಲುಸಾಲಾಗಿ ಸೋತರು, ಸೋತದ್ದನ್ನೂ ಬರೆದಿಟ್ಟರು. ನಿಮ್ಮ 30 ಪ್ರಕರಣಗಳನ್ನು ಒಂದನ್ನೂ ಬಿಡದೆ, ಬಂದ ಸಾಲಿನಲ್ಲೇ ದಾಖಲಿಸಿದರೆ, ಅದೇ ನಮೂನೆ ಬಳಸುವ ಇನ್ನಷ್ಟು ಆಸ್ಪತ್ರೆಗಳೊಂದಿಗೆ ಸೇರಿ ಕೆಲವೇ ವರ್ಷಗಳಲ್ಲಿ ದೊಡ್ಡ ಲೆಕ್ಕವಾಗುತ್ತದೆ. ಹೊಸ ಶಸ್ತ್ರಚಿಕಿತ್ಸೆಯೊಂದು ಮೊದಲ ರೋಗಿಯಿಂದ ದೀರ್ಘಕಾಲದ ಅವಲೋಕನದವರೆಗೆ ಹಂತಹಂತವಾಗಿ ಹೇಗೆ ಪರೀಕ್ಷೆಗೊಳಗಾಗಬೇಕು ಎಂಬುದಕ್ಕೆ 2009ರಲ್ಲಿ ರೂಪಿಸಿದ ಐಡಿಯಲ್ ಎಂಬ ಚೌಕಟ್ಟಿದೆ. ಅದನ್ನು ಓದಿಕೊಂಡು ನಿಮ್ಮ ಕೆಲಸ ಯಾವ ಹಂತದ್ದು ಎಂದು ಮೊದಲೇ ಬರೆದಿಡಿ.

ವೈಫಲ್ಯ ಎಂದರೆ ಏನು ಎಂಬುದನ್ನೂ ಮೊದಲ ರೋಗಿಗಿಂತ ಮುಂಚೆ ನಿರ್ಧರಿಸಿ. ಪೂರ್ತಿ ಹೋದರೆ ಮಾತ್ರವೋ, ಅಂಚು ಕೊಳೆತರೂ ಸೇರುತ್ತದೋ? ರಕ್ತ ನಿಂತ ಹೊತ್ತು, ಮರಳಿ ಹರಿದ ಹೊತ್ತು, ಹೊಲಿದವರು ಯಾರು, ಮತ್ತೆ ಥಿಯೇಟರಿಗೆ ಒಯ್ದದ್ದು ಎಷ್ಟನೆಯ ಗಂಟೆಗೆ, ಇವನ್ನು ಅದೇ ದಿನ ಬರೆಯಿರಿ. ಒಂದು ವರ್ಷದ ನಂತರ ರೋಗಿ ಏನು ಮಾಡಬಲ್ಲರು ಎಂಬುದಕ್ಕೆ ಒಂದು ಪುಟವನ್ನು ಕಡ್ಡಾಯವಾಗಿ ಇಡಿ, ಬಾರದವರು ಎಷ್ಟು ಮಂದಿ ಎಂಬುದನ್ನೂ ಬರೆಯಿರಿ. ಬಾರದವರೆಲ್ಲ ಗುಣವಾದವರು ಎಂದು ಲೆಕ್ಕ ಹಿಡಿಯಬೇಡಿ. ನಮೂನೆಯ ಕರಡು ಸಿದ್ಧವಾದ ಮೇಲೆ ನಿಮ್ಮ ಪ್ರೊಫೆಸರ್‌ಗೆ ಕೊಡುವ ಮೊದಲು ರಾತ್ರಿ ಪಾಳಿಯ ನರ್ಸ್‌ಗೆ ತೋರಿಸಿ. ಮೊದಲ ಎರಡು ರಾತ್ರಿ ಗಂಟೆಗೊಮ್ಮೆ ಫ್ಲಾಪ್ ನೋಡಿ ಬರೆಯುವವರು ಅವರೇ, ಯಾವ ಖಾನೆಗಳು ಖಾಲಿ ಉಳಿಯುತ್ತವೆ ಎಂಬುದನ್ನು ಅವರು ಮೊದಲ ನೋಟಕ್ಕೇ ಹೇಳುತ್ತಾರೆ.